ಮಿಡತೆಗೆ ನೀರು ಕುಡಿಸಿದ್ದು

ಫೆಬ್ರವರಿ ೮

ಮೈದುನರಾಯನಿಗೆ,

ಕವರಿನ ಮೇಲೆ ನನ್ನ ಕೈಬರಹ ನೋಡಿ ಮುಖ ಸಿಂಡರಿಸಿರುತ್ತೀಯ. ಸಿಂಡರಿಸಿಕೊಂಡೇ ಓದು, ಪರವಾಗಿಲ್ಲ. ಫೋನ್ ಮಾಡಿದರೆ ಅತ್ತಿಗೆಯ ದನಿ ಕೇಳಿದ್ದೇ ತಡ, ರಿಸೀವರನ್ನು ಹೆಂಡತಿಯ ಕೈಗೆ ಕೊಟ್ಟು ಮಹಡಿ ಹತ್ತಿಬಿಡುತ್ತೀಯಂತೆ. ಕಾಗದದ ಜೊತೆ ಆ ಆಟ ನಡೆಯುವುದಿಲ್ಲ.

ವಿಷಯ ಇಷ್ಟೆ. ನಿಮ್ಮಣ್ಣನ ಬೋಟು ನಿಂತಿರುವ ಶೆಡ್ಡನ್ನು ಮಾಲೀಕರು ಒಬ್ಬ ಹೋಟೆಲಿನವನಿಗೆ ಮಾರಿಬಿಟ್ಟರು. ಅಕ್ಟೋಬರಿನಲ್ಲಿ ಶೆಡ್ಡು ಒಡೆದು ಅಲ್ಲಿ ಹೋಟೆಲು ಕಟ್ಟುತ್ತಾನಂತೆ. ಬೋಟನ್ನು ಏನು ಮಾಡಲಿ ಎಂದು ಕೇಳಿದೆ. ಆ ಮಹಾನುಭಾವ ಅದರ ಸುತ್ತ ಒಂದು ಸುತ್ತು ಬಂದು, ಬೆನ್ನು ಸವರಿ, "ಇಲ್ಲೇ ಬಿಟ್ಬಿಡಿ ಡಾಕ್ಟ್ರೇ, ನಡುವೆ ಕೊಯ್ದು ನಿಲ್ಲಿಸಿದ್ರೆ ಜ್ಯೂಸ್ ಕೌಂಟರಿಗೆ ಹೇಳಿ ಮಾಡಿಸಿದ ಹಾಗಿದೆ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ನೀರಿನ ಮೇಲೆ ಕುಪ್ಪಳಿಸಿಕೊಂಡು ಹೋಗುತ್ತದೆಂದು ಅದಕ್ಕೆ ಮಿಡತೆ ಎಂದು ಹೆಸರಿಟ್ಟವನು ನೀನು. ಈ ಸರೋವರದಲ್ಲಿ ಅದರ ಹಿಂದೆ ಬಂದವರೆಲ್ಲ ಬರೀ ನೊರೆ ನುಂಗಿದವರು. ಅಂಥದರ ಬೆನ್ನ ಮೇಲೆ ಕೂತು ಇವನು ಕಿತ್ತಳೆ ಹಿಂಡುತ್ತಾನಂತೆ.

ದೋಣಿ ಕ್ಲಬ್ಬಿನ ಕಾರ್ಯದರ್ಶಿಯ ಹತ್ತಿರ ಹೋದೆ. ಸೆಪ್ಟೆಂಬರಿನಲ್ಲಿ ಹಳೆಯ ಬೋಟುಗಳ ದಿನ ಇದೆ. ಅವತ್ತು ತನ್ನದೇ ಇಂಜಿನ್ನಿನ ಬಲದಿಂದ ಸರೋವರವನ್ನು ಒಂದು ಸುತ್ತು ಹಾಕಿ ಬಂದ ಬೋಟಿಗೆ ಕ್ಲಬ್ಬಿನ ಚಾವಣಿಯಡಿ ಕಾಯಂ ಜಾಗ ಕೊಡುತ್ತಾರೆ. ಎಳೆಸಿಕೊಂಡು ಬಂದದ್ದಕ್ಕೆ ಇಲ್ಲ. ಹಾಗಾಗಿ ತೀರ್ಮಾನ ಮಾಡಿದ್ದೇನೆ, ಮಿಡತೆಯನ್ನು ನಾನೇ ರಿಪೇರಿ ಮಾಡುತ್ತೇನೆ. ಕ್ಲಿನಿಕ್ಕು ಮುಚ್ಚಿ ವರ್ಷವಾಯಿತು. ಮೂವತ್ತೈದು ವರ್ಷ ಊರವರ ಹಲ್ಲು ರಿಪೇರಿ ಮಾಡಿದವಳಿಗೆ ಒಂದು ಬೋಟು ಯಾವ ಲೆಕ್ಕ?

ನೀವಣ್ಣತಮ್ಮಂದಿರು ಮಾತು ಬಿಟ್ಟದ್ದು ನಿಮ್ಮ ವಿಷಯ. ಎಲ್ಲಾ ರೇಸಿನಲ್ಲೂ ಅವರೇ ಸ್ಟೇರಿಂಗ್ ಹಿಡಿದರು, ನೀನು ಪಕ್ಕದ ಸೀಟಿನಲ್ಲಿ ಕೂತು ಇಂಜಿನ್ ನೋಡಿಕೊಂಡೆ, ಒಂದೇ ಒಂದು ಸಲ ಕೊಡು ಎಂದು ಗೋಗರೆದರೂ ಕೊಡಲಿಲ್ಲ. ನೀನು ಮುನಿಸಿಕೊಂಡು ಊರು ಬಿಟ್ಟು ಲಿಫ್ಟ್ ರಿಪೇರಿಗೆ ಸೇರಿದೆ. ಮೂರು ವರ್ಷದ ಹಿಂದೆ ಅವರು ತೀರಿಕೊಂಡಾಗ ಬಂದು, ಗೇಟಿನ ಹತ್ತಿರವೇ ಅತ್ತು, ಬಂದ ಟ್ಯಾಕ್ಸಿಯಲ್ಲೇ ಹೋದೆ. ಅದನ್ನೆಲ್ಲ ನಾನು ಕೇಳುತ್ತಿಲ್ಲ. ನನಗೆ ಬೇಕಾದ್ದು ಒಂದು ಮಾತು. ಬೋಟಿನ ಹಲಗೆಗಳು ಒಣಗಿ ನಡುವೆ ಸಂದು ಬಿಟ್ಟಿವೆ. ಒಳಗೆ ಕೂತರೆ ಹೊರಗಿನ ಬೆಳಕು ಗೆರೆ ಗೆರೆಯಾಗಿ ಕಾಣುತ್ತದೆ. ಅವನ್ನು ಏನು ಮಾಡಬೇಕು? ಒಂದು ಸಾಲು ಬರೆ, ಸಾಕು.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು.

ಉತ್ತರ ಬಾರದಿದ್ದರೂ ಬಿಡದ
ಅತ್ತಿಗೆ


ಮಾರ್ಚ್ ೨

ಬಾಯಿಗೆ ಬೀಗ ಹಾಕಿಕೊಂಡ ಮೈದುನನಿಗೆ,

ನಿನ್ನ ಉತ್ತರ ಕಾದೂ ಕಾದೂ ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದಾರಿ ಬದಲಿಸುವ ಹಾಗಾಯಿತು. ಬೇಡ ಬಿಡು, ನೀನಿಲ್ಲದೆ ಏನೂ ನಿಂತಿಲ್ಲ.

ಬಾಗಿಲು ಕಿಟಕಿ ಮಾಡುವ ಒಬ್ಬ ಬಡಗಿಯನ್ನು ಕರೆಸಿದೆ. ಅವನು ಬೋಟನ್ನು ನೋಡಿ, "ಇದಕ್ಕೆ ಚೌಕಟ್ಟೇ ಇಲ್ವಲ್ಲ ಅಮ್ಮ, ಎಲ್ಲಾ ಡೊಂಕು" ಎಂದು ತಲೆ ಕೆರೆದುಕೊಂಡ. ಸಂದುಗಳನ್ನು ಏನು ಮಾಡೋಣ ಅಂದರೆ, ನೀವು ಹೇಳಿದ ಹಾಗೆ ಅಂದ. ನಾನು ಏನು ಹೇಳಲಿ? ನನ್ನ ಜನ್ಮದಲ್ಲಿ ತೂತು ಕಂಡಾಗ ಮಾಡಿದ್ದು ಒಂದೇ ಕೆಲಸ. ಕೊರೆದು ಚೊಕ್ಕಟ ಮಾಡಿ, ಗಾಳಿ ಊದಿ ಒಣಗಿಸಿ, ಗಟ್ಟಿಯಾಗಿ ತುಂಬಿದೆ. ಎರಡು ಡಬ್ಬಿಯಿಂದ ತೆಗೆದು ಕಲಸುವ ಪುಟ್ಟಿ ಬರುತ್ತದಲ್ಲ, ಒಣಗಿದ ಮೇಲೆ ಕಲ್ಲಿನ ಹಾಗೆ ಆಗುವುದು, ಅದನ್ನೇ ಚಿಟಿಕೆ ಚಿಟಿಕೆಯಾಗಿ ಕಲಸಿಕೊಂಡು, ಕ್ಲಿನಿಕ್ಕಿನ ಚಮಚೆಯಿಂದ ಒತ್ತಿ ಒತ್ತಿ ಕೂಡಿಸಿದೆ. ಮೇಲೆ ಉಜ್ಜಿ ಪಾಲಿಶ್ ಕೂಡ ಮಾಡಿದೆ. ಬೆರಳಾಡಿಸಿದರೆ ಹಲಗೆ ಎಲ್ಲಿ ಮುಗಿಯಿತು, ಪುಟ್ಟಿ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಬಡಗಿ ಕಣ್ಣು ಬಿಟ್ಟುಕೊಂಡು ನೋಡಿ, ತನ್ನ ದವಡೆ ಹಲ್ಲು ತೋರಿಸಬಹುದೇ ಎಂದು ಕೇಳಿದ.

ಶುಕ್ರವಾರ ಕ್ರೇನಿನವನು ಬರುತ್ತಾನೆ. ಮಿಡತೆಯನ್ನು ನೀರಿಗೆ ಇಳಿಸುತ್ತೇವೆ. ಹನಿ ಒಳಗೆ ಬಂದರೆ ನನ್ನ ಹೆಸರು ಬದಲಿಸು.

ಗರ್ವದಿಂದ,
ಅತ್ತಿಗೆ


ಮಾರ್ಚ್ ೫

ಅತ್ತಿಗೆಯವರಿಗೆ,

ನೀರಿಗೆ ಇಳಿಸಬೇಡಿ. ಕಾಲಿಗೆ ಬೀಳುತ್ತೇನೆ, ಇಳಿಸಬೇಡಿ. ಬೆಳಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ, ಗಂಟೆ ಬಡಿಯುತ್ತದೆ, ಎತ್ತುವವರಿಲ್ಲ. ಶೆಡ್ಡಿನಲ್ಲೇ ಇದ್ದೀರೆಂದು ಕಾಣುತ್ತದೆ. ಅದಕ್ಕೆ ಇದನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಒಣಗಿದ ಮರಕ್ಕೆ ನೀರು ಬಿದ್ದರೆ ಊದಿಕೊಳ್ಳುತ್ತದೆ. ಆ ಸಂದು ಇರುವುದೇ ಹಲಗೆ ಊದಿ ಒಂದಕ್ಕೊಂದು ಒತ್ತಿಕೊಳ್ಳಲಿ ಎಂದು. ನಾವು ಪ್ರತಿವರ್ಷ ರೇಸಿಗೆ ಮುಂಚೆ ಇಂಜಿನ್ ಬಿಚ್ಚಿಟ್ಟು, ಅದನ್ನು ದಡದ ಹತ್ತಿರ ಹಗ್ಗ ಕಟ್ಟಿ ಇಳಿಸಿ, ಕಂಠಮಟ್ಟ ಮುಳುಗಲು ಬಿಡುತ್ತಿದ್ದೆವು. ಅಣ್ಣ ಅದಕ್ಕೆ ನೀರು ಕುಡಿಸುವುದು ಅನ್ನುತ್ತಿದ್ದ. ಕುಡಿಯುವಷ್ಟು ಕುಡಿದ ಮೇಲೆ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ನೀವು ಅಲ್ಲಿ ಕಲ್ಲು ತುಂಬಿದ್ದೀರಿ. ಹಲಗೆ ಊದಲು ಜಾಗವಿಲ್ಲದಿದ್ದರೆ ಒಳಗೆ ಪಕ್ಕೆಲುಬಿನ ಹಾಗೆ ಬಾಗಿ ಕೂತಿರುವ ಮರದ ಪಟ್ಟಿಗಳನ್ನು ಮುರಿದುಹಾಕುತ್ತದೆ.

ನಿಮ್ಮ ಮೊದಲ ಕಾಗದ ಬಂದ ದಿನವೇ ಇದನ್ನು ಬರೆಯಬಹುದಿತ್ತು. ಬರೆಯಲಿಲ್ಲ.

ಮೈದುನ


ಮಾರ್ಚ್ ೧೪

ಮೈದುನನಿಗೆ,

ನಿನ್ನ ತುರ್ತು ಅಂಚೆ ಸೋಮವಾರ ಬಂತು. ಮಿಡತೆ ಭಾನುವಾರವೇ ಮುರಿಯಿತು.

ಶುಕ್ರವಾರ ಇಳಿಸಿದಾಗ ಒಂದು ಹನಿ ಒಳಗೆ ಬರಲಿಲ್ಲ. ಒಳಗೆ ಟಾರ್ಚು ಹಿಡಿದು ಮೂಲೆ ಮೂಲೆ ನೋಡಿದೆ, ಕರ್ಚೀಫು ಹಾಕಿ ಒತ್ತಿದೆ, ಒಣ ಒಣ. ದಡದಲ್ಲಿ ನಿಂತವರಿಗೆಲ್ಲ ಭಾಷಣ ಬಿಗಿದೆ. ಕಾರ್ಯದರ್ಶಿ ಕೈ ಕುಲುಕಿದ. ಭಾನುವಾರ ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಅದರ ಪಕ್ಕದಲ್ಲೇ ಕೂತಿದ್ದೆ. ಟಪ್ ಅಂತು. ಆ ಸದ್ದು ನನಗೆ ಗೊತ್ತು, ಹಲ್ಲು ಕೀಳುವಾಗ ಬೇರು ಒಳಗೇ ಮುರಿದರೆ ಬರುವ ಸದ್ದು. ಆಮೇಲೆ ಇನ್ನೊಂದು, ಮತ್ತೊಂದು. ನಾನು ಏನೂ ಮಾಡಲಾಗದೆ ತುತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಕ್ರೇನಿನವನು ಬಂದು ಎತ್ತುವಷ್ಟರಲ್ಲಿ ಎಡಮಗ್ಗುಲಿನ ಪಟ್ಟಿಗಳು ಒಂದಲ್ಲ ಎರಡಲ್ಲ, ಸಾಲಾಗಿ ಹೋಗಿದ್ದವು.

ನಿನ್ನ ಕಾಗದ ಓದಿ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಒಂದು ಸಾಲು ಕೇಳಿದ್ದೆ. ನಿನಗೆ ನಿಮ್ಮಣ್ಣನ ಮೇಲೆ ಸಿಟ್ಟಿದ್ದರೆ ಅವರಿಲ್ಲ, ನನ್ನ ಮೇಲೆ ತೀರಿಸಿಕೊಂಡರೆ ಆಗುತ್ತಿತ್ತು, ಆ ಬಡಪಾಯಿ ಬೋಟಿನ ಮೇಲೆ ಯಾಕೆ? ಅಡುಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಯೋಚಿಸಿದರೆ ನಗುವೂ ಬಂತು. ಪ್ರತಿ ವರ್ಷ ನಿಮ್ಮಣ್ಣ ಮನೆಗೆ ಬಂದು, ಬೋಟು ಮುಳುಗಿಸಿ ಬಂದೆ ಕಣೇ ಎಂದು ಶಿಳ್ಳೆ ಹೊಡೆಯುತ್ತಾ ಸ್ನಾನಕ್ಕೆ ಹೋಗುತ್ತಿದ್ದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಇಷ್ಟು ವರ್ಷ ಸಂಸಾರ ಮಾಡಿ ಒಂದು ದಿನವೂ ಯಾಕೆ ಎಂದು ಕೇಳಿರಲಿಲ್ಲ.

ಸುದ್ದಿ ತಿಳಿದು ಹೋಟೆಲಿನವನು ನಿನ್ನೆ ಬಂದಿದ್ದ. ಅವನ ಕೈಯಲ್ಲಿ ಅಳತೆ ಟೇಪು ಇತ್ತು.

ಈಗಲಾದರೂ ಹೇಳು, ಇದಕ್ಕೆ ಮದ್ದಿದೆಯೇ?

ಅತ್ತಿಗೆ


ಮಾರ್ಚ್ ೧೯

ಅತ್ತಿಗೆಯವರಿಗೆ,

ಮದ್ದಿದೆ. ಹೋಟೆಲಿನವನಿಗೆ ಟೇಪು ಮಡಚಿಕೊಂಡು ಹೋಗಲು ಹೇಳಿ.

ಮೊದಲು ಪುಟ್ಟಿ ಪೂರ್ತಿ ತೆಗೆಯಬೇಕು. ಉಳಿಯಿಂದ ತೆಗೆಯಬೇಡಿ, ಹಲಗೆಯ ಅಂಚು ಹೋಗುತ್ತದೆ. ನಿಮ್ಮ ಹತ್ತಿರ ಹಲ್ಲು ಕೆರೆಯುವ ಕೊಕ್ಕೆಗಳು ಇರುತ್ತವಲ್ಲ, ಅವೇ ಸರಿ. ತುಂಬಿದವರೇ ಕೀಳಲಿ.

ಪಟ್ಟಿಗಳನ್ನು ಹೊಸದಾಗಿ ಕೂರಿಸಬೇಕು. ಬಡಗಿಗೆ ಹೇಳಿ, ಗಂಟಿಲ್ಲದ ಮರ ತರಲಿ. ತಗಡಿನ ಉದ್ದ ಕೊಳವೆಯಲ್ಲಿ ಪಟ್ಟಿ ಇಟ್ಟು, ಒಂದು ತುದಿಯಿಂದ ಹಬೆ ಬಿಟ್ಟು ಬೇಯಿಸಬೇಕು. ಬೆಂದ ಪಟ್ಟಿ ಸೊಪ್ಪಿನ ದಂಟಿನ ಹಾಗೆ ಬಾಗುತ್ತದೆ, ಆದರೆ ತಣಿಯುವ ಮುಂಚೆ ಕೂರಿಸಿ ಬಿಗಿಯಬೇಕು, ಆಮೇಲೆ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ಅದಾದ ಮೇಲೆ ಕ್ರೇನಿನವನಿಂದ ಇಂಜಿನ್ ಹೊರಗೆ ಎತ್ತಿಸಿ ನೀರು ಕುಡಿಸಿ, ಸಂದು ಮುಚ್ಚಿದ ಮೇಲೆ ಮತ್ತೆ ಕೂರಿಸಲಿ. ಮುಳುಗಿದರೆ ಹೆದರಬೇಡಿ, ದಡದಲ್ಲಿ ಕೂತು ನೋಡುತ್ತಿರಿ.

ಕಾರ್ಬೊರೇಟರುಗಳನ್ನು ಬಿಚ್ಚಿಸಿ ಲಾರಿಗೆ ಹಾಕಿ ನನಗೆ ಕಳಿಸಿ. ಬೇರೆ ಯಾರ ಕೈಗೂ ಕೊಡಬೇಡಿ. ಇಂಜಿನ್ನಿಗೆ ಸೆಪ್ಟೆಂಬರಿನಲ್ಲಿ ನಾನೇ ಬರುತ್ತೇನೆ. ಆ ಬೋಟಿಗೆ ಹೇಗೂ ಇಬ್ಬರು ಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಪೆಟ್ರೋಲಿನ ಕೈಪಂಪು ಒತ್ತುತ್ತಾ ಇಂಜಿನ್ನಿನ ಮೇಲೆ ಗಮನ ಇಡಬೇಕು.

ಒಂದು ಶರತ್ತು ಇದೆ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಸ್ಟೇರಿಂಗ್ ನನ್ನ ಕೈಗೆ ಬರಬೇಕು. ಇಷ್ಟು ವರ್ಷ ಲಿಫ್ಟಿನಲ್ಲಿ ಮೇಲೆ ಕೆಳಗೆ, ಮೇಲೆ ಕೆಳಗೆ ಹೋಗಿದ್ದೇನೆ. ಒಂದು ಸಲ ಮುಂದಕ್ಕೆ ಹೋಗಬೇಕು. ಕೈಪಂಪು ಒತ್ತುವುದನ್ನು ನಿಮಗೆ ಹೇಳಿಕೊಡುತ್ತೇನೆ, ಕಷ್ಟವೇನಿಲ್ಲ.

ಪಟ್ಟಿಗಳು ಮುರಿದದ್ದು ನನ್ನಿಂದ. ಆ ಸದ್ದು ನಾನು ಕೇಳದಿದ್ದರೂ ಕಿವಿಯಲ್ಲೇ ಇದೆ.

ಮೈದುನ


ಜೂನ್ ೨೧

ಶರತ್ತಿನ ಮೈದುನನಿಗೆ,

ಕಾರ್ಬೊರೇಟರುಗಳು ತಲುಪಿದವೆಂದು ನಿನ್ನ ಹೆಂಡತಿ ಬರೆದಳು. ಅವನ್ನು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದೀಯಂತೆ, ತಟ್ಟೆ ಇಡಲು ಜಾಗವಿಲ್ಲವಂತೆ, ಮನೆಯವರು ನಿಂತೇ ಉಣ್ಣುತ್ತಿದ್ದಾರಂತೆ. ಇಷ್ಟು ವರ್ಷದ ಮೇಲೆ ನೀನು ಶಿಳ್ಳೆ ಹೊಡೆಯುವುದನ್ನು ಕೇಳಿದೆ ಎಂದೂ ಬರೆದಿದ್ದಾಳೆ.

ಪುಟ್ಟಿ ಕೀಳಲು ನನಗೆ ಎರಡು ತಿಂಗಳಾಯಿತು. ಎಷ್ಟು ಗಟ್ಟಿಯಾಗಿ ತುಂಬಿದ್ದೆನೋ ಮಾರಾಯ, ನನಗೆ ನಾನೇ ಶಾಪ ಹಾಕಿಕೊಂಡೆ. ಇಡೀ ದಿನ ಬೋಟಿನ ಕೆಳಗೆ ಅಂಗಾತ ಮಲಗಿ, ಹಣೆಗೆ ದೀಪ ಕಟ್ಟಿಕೊಂಡು, ಕೊಕ್ಕೆಯಲ್ಲಿ ಕೆರೆದೆ. ರೋಗಿ ಬಾಯಿ ಮುಚ್ಚುವುದಿಲ್ಲ, ಉಗುಳಬೇಕು ಅನ್ನುವುದಿಲ್ಲ, ಅದೊಂದು ಸುಖ. ಹಬೆಯ ದಿನ ಬಡಗಿಯ ಸಂಭ್ರಮ ನೋಡಬೇಕಿತ್ತು. ಮೊದಲ ಪಟ್ಟಿ ಕೈಯಲ್ಲಿ ಬಾಗಿದಾಗ ಅವನು ಅದನ್ನು ಕೂರಿಸುವುದು ಬಿಟ್ಟು ಎಲ್ಲರಿಗೂ ತೋರಿಸುತ್ತಾ ನಿಂತ. ಅದು ಅವನ ಕೈಯಲ್ಲೇ ತಣಿದು ಬಿಲ್ಲಾಯಿತು. ಈಗ ಅವನ ಮನೆಯ ಗೋಡೆಯ ಮೇಲಿದೆ. ಎರಡನೆಯದರಿಂದ ಇಬ್ಬರೂ ಓಡಾಡಿ ಕೂರಿಸಿದೆವು. ಕೈಯೆಲ್ಲ ಬೊಬ್ಬೆ, ಆದರೆ ಎಡಮಗ್ಗುಲು ಈಗ ಬಲಮಗ್ಗುಲಿಗಿಂತ ಚೆನ್ನಾಗಿದೆ.

ಕಳೆದ ವಾರ ನೀರು ಕುಡಿಸಿದೆವು. ಮಿಡತೆ ಗುಳುಗುಳು ಮುಳುಗಿತು. ಹೋಟೆಲಿನವನು ಓಡಿ ಬಂದು ಸಂತಾಪ ಸೂಚಿಸಿದ. ನಾನು ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದೆ. ಆಮೇಲೆ ಒಂದು ಬೆಳಗ್ಗೆ ನೀರು ಮೊಗೆದು ಚೆಲ್ಲಿದರೆ ಮತ್ತೆ ತುಂಬಲಿಲ್ಲ. ಸಂದುಗಳು ತಾವಾಗಿ ಮುಚ್ಚಿಕೊಂಡಿದ್ದವು. ಬಡಗಿ ಹಲಗೆಗೆ ಕೆನ್ನೆ ಒತ್ತಿ ನೋಡಿದ. ನಾನೂ ನೋಡಿದೆ.

ಇನ್ನು ನಿನ್ನ ಶರತ್ತು. ಮೂರು ತಿಂಗಳು ಅದಕ್ಕೆ ಉತ್ತರ ಬರೆಯಲಿಲ್ಲ, ಯಾಕೆಂದರೆ ಬರೆಯಲು ಮನಸ್ಸು ಬರಲಿಲ್ಲ. ನಿನಗೊಬ್ಬನಿಗೇ ಆಸೆ ಇತ್ತು ಅಂದುಕೊಂಡೆಯಾ? ಎಲ್ಲಾ ರೇಸಿನಲ್ಲೂ ದಡದ ಮೇಲೆ ಗಡಿಯಾರ ಹಿಡಿದು ನಿಂತವಳು ನಾನು. ನೀವಿಬ್ಬರೂ ಮೈಯೆಲ್ಲ ಒದ್ದೆ ಮಾಡಿಕೊಂಡು ನಗುತ್ತಾ ಇಳಿದು ಬರುವಾಗ ನನ್ನ ಸೀರೆಯ ಅಂಚು ಕೂಡ ನೆನೆದಿರುತ್ತಿರಲಿಲ್ಲ. ಒಂದು ಸಲ ನಾನು ಓಡಿಸಬೇಕು ಎಂದೇ ಈ ಕೆಲಸಕ್ಕೆ ಕೈ ಹಾಕಿದ್ದು. ಆದರೆ ನೀನಿಲ್ಲದೆ ಇಂಜಿನ್ ಏಳುವುದಿಲ್ಲ, ಇಂಜಿನ್ ಏಳದಿದ್ದರೆ ಮಿಡತೆ ಕೌಂಟರ್ ಆಗುತ್ತದೆ. ಆದ್ದರಿಂದ ಸರಿ, ಸ್ಟೇರಿಂಗ್ ನಿನ್ನದೇ. ನಗುನಗುತ್ತಾ ಕೊಡುತ್ತಿದ್ದೇನೆ ಎಂದು ತಿಳಿಯಬೇಡ, ಹಲ್ಲು ಕಚ್ಚಿಕೊಂಡು ಕೊಡುತ್ತಿದ್ದೇನೆ.

ಅತ್ತಿಗೆ


ಆಗಸ್ಟ್ ೩೦

ಅತ್ತಿಗೆಯವರಿಗೆ,

ಕಾರ್ಬೊರೇಟರುಗಳು ಸಿದ್ಧ. ಬೋಟುಗಳ ದಿನದ ಹಿಂದಿನ ಸಂಜೆ ಬಸ್ಸಿಗೆ ಬರುತ್ತೇನೆ. ಹೆಂಡತಿಗೆ ರಜೆ ಸಿಕ್ಕಿಲ್ಲ. ಊಟದ ಮೇಜು ಖಾಲಿಯಾದದ್ದಕ್ಕೆ ನಿಮಗೆ ಧನ್ಯವಾದ ಹೇಳಿದ್ದಾಳೆ.

ಅಭ್ಯಾಸ ಮಾಡುತ್ತಿದ್ದೇನೆ. ಮೊನ್ನೆ ಟೀವಿ ನೋಡುತ್ತಾ ಕೂತವನು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿದೆನಂತೆ, ಸಾರು ಚೆಲ್ಲಿತು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಬೈಸಿಕೊಂಡೆ. ಬೇಕು ಅಂದೆ.

ನಿಮ್ಮ ಆಸೆಯ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಬೈದುಕೊಳ್ಳಿ.

ಮೈದುನ


ಸೆಪ್ಟೆಂಬರ್ ೧೭

ಪ್ರೀತಿಯ ಮೈದುನನಿಗೆ,

ಮಿಡತೆ ಕ್ಲಬ್ಬಿನ ಚಾವಣಿಯಡಿ ಮಲಗಿದೆ. ಹೋಟೆಲಿನವನು ಬಂದು, ಕೌಂಟರಿಗೆ ಬೇರೆ ಏನಾದರೂ ನೋಡುತ್ತೇನೆ, ಉದ್ಘಾಟನೆಗೆ ನೀವು ಬರಬೇಕು ಎಂದು ಕರೆದು ಹೋದ. ಪಾಪ, ಕೆಟ್ಟವನಲ್ಲ.

ಭಾನುವಾರ ನಡೆದದ್ದನ್ನು ನಿನಗೇ ಬರೆಯುತ್ತಿದ್ದೇನೆ. ನೀನೂ ಅಲ್ಲೇ ಇದ್ದೆ, ಆದರೆ ನೀನು ಇಂಜಿನ್ನನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ನೀನು ಸ್ಟೇರಿಂಗ್ ಹಿಡಿದು ಕೂತಾಗ ನಿನ್ನ ಮುಖದಲ್ಲಿ ಇದ್ದ ಖುಷಿ ನೋಡಿ ನನ್ನ ಹೊಟ್ಟೆಕಿಚ್ಚು ಅರ್ಧ ಇಳಿಯಿತು. ಇಂಜಿನ್ ಎದ್ದಾಗ ದಡದಲ್ಲಿ ಇದ್ದವರೆಲ್ಲ ಕೇಕೆ ಹಾಕಿದರು. ನಾನು ಪಕ್ಕದಲ್ಲಿ ಪಂಪು ಒತ್ತುತ್ತಿದ್ದೆ, ಹೇಳಿಕೊಟ್ಟ ಹಾಗೆಯೇ. ಮೊದಲ ತಿರುವು ಬರುವ ಮೊದಲೇ ಇಂಜಿನ್ ಕೆಮ್ಮಿತು. ನೀನು ಕೂಡಲೇ ಕತ್ತು ಆ ಕಡೆ ತಿರುಗಿಸಿದೆ. ಕತ್ತಿನ ಹಿಂದೆ ಕೈ ತಿರುಗಿತು, ಕೈಯ ಹಿಂದೆ ಬೋಟು ತಿರುಗಿ ಜೊಂಡಿನ ಕಡೆ ಹೊರಟಿತು. ನಾನು ಕೂಗಿದೆ, ನಿನಗೆ ಕೇಳಲಿಲ್ಲ. ಎರಡು ಸಲ ಹಾಗಾಯಿತು. ಮೂರನೆಯ ಸಲ ಇಂಜಿನ್ ನಿಂತೇ ಹೋಗುವುದರಲ್ಲಿತ್ತು. ಆಗ ನೀನು ವೇಗ ತಗ್ಗಿಸಿ, ಸ್ಟೇರಿಂಗನ್ನು ಒಂದು ಸಲ ಬಿಗಿಯಾಗಿ ಹಿಡಿದು, ಬಿಟ್ಟೆ. "ಅತ್ತಿಗೆ, ಈ ಕಡೆ ಬನ್ನಿ. ಇದರ ಉಸಿರು ಸರಿಯಿಲ್ಲ, ನಾನು ಅಲ್ಲಿ ಕೂತ್ರೇನೇ ಆಗೋದು" ಅಂದೆ. ನಿನ್ನ ದನಿ ಹೇಗಿತ್ತು ಎಂದು ನಾನು ಬರೆಯುವುದಿಲ್ಲ.

ಜಾಗ ಬದಲಿಸಿದೆವು. ನೀನು ಪಂಪಿಗೆ ಕೈ ಹಾಕಿ, ತಲೆ ಬಗ್ಗಿಸಿ ಏನು ಮಾಡಿದೆಯೋ, ಮಿಡತೆಯ ಕೆಮ್ಮು ನಿಂತು ಮೂತಿ ಮೇಲೆದ್ದಿತು. ಅಲ್ಲಿಂದ ಮುಂದೆ ನನಗೆ ಏನೂ ಕಾಣಲಿಲ್ಲ, ನಿಜವಾಗಿ. ಎದುರಿಗೆ ಬರೀ ಬೋಟಿನ ಮೂತಿ ಮತ್ತು ಆಕಾಶ. ಮುಖಕ್ಕೆ ನೀರು ಮುಳ್ಳಿನ ಹಾಗೆ ಬಡಿಯುತ್ತಿತ್ತು. ಕಿವಿ ಗವ್ ಅನ್ನುತ್ತಿತ್ತು. ತಿರುವು ಎಲ್ಲಿ, ದಡ ಎಲ್ಲಿ, ಎಷ್ಟು ವೇಗ, ದೇವರಾಣೆ ಒಂದೂ ಗೊತ್ತಾಗಲಿಲ್ಲ. ಗೊತ್ತಾದದ್ದು ನನ್ನ ಎಡಭುಜದ ಮೇಲೆ ಬೀಳುತ್ತಿದ್ದ ನಿನ್ನ ಗುದ್ದು ಮಾತ್ರ. ಕೂರುವಾಗ ಹೇಳಿದ್ದೆಯಲ್ಲ, ಒಂದು ಗುದ್ದಿದರೆ ವೇಗ ಹೆಚ್ಚಿಸಿ, ಎರಡು ಗುದ್ದಿದರೆ ತಗ್ಗಿಸಿ, ತೋಳು ಎಳೆದ ಕಡೆ ತಿರುಗಿಸಿ ಎಂದು. ಅಷ್ಟನ್ನು ಮಾಡಿದೆ. ಹೆದರಿಕೆಯೂ ಆಗುತ್ತಿತ್ತು, ನಗುವೂ ಬರುತ್ತಿತ್ತು, ಸೀರೆ ಪೂರ್ತಿ ನೆನೆದಿತ್ತು. ಇಷ್ಟು ಸಂತೋಷ ನನಗೆ ಯಾವ ವಯಸ್ಸಿನಲ್ಲೂ ಆಗಿರಲಿಲ್ಲ.

ದಡಕ್ಕೆ ಬಂದಾಗ ಎಲ್ಲರೂ ನನ್ನ ಸುತ್ತ ಸೇರಿದರು. ಕಾರ್ಯದರ್ಶಿ ನನ್ನೊಬ್ಬಳ ಫೋಟೋ ತೆಗೆದ. ನೀನು ಒಂದು ಮೂಲೆಯಲ್ಲಿ ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ತುಂಬುತ್ತಿದ್ದೆ. ಬಸ್ಸು ಹತ್ತುವಾಗ "ಚೆನ್ನಾಗಿ ಓಡಿಸಿದ್ರಿ ಅತ್ತಿಗೆ" ಅಂದೆ, ನಗಲು ನೋಡಿದೆ, ಆಗಲಿಲ್ಲ. ಕಾದು ಕಾದು ಕೈಗೆ ಬಂದ ಸ್ಟೇರಿಂಗನ್ನು ನೀನೇ ಕೈಯಾರೆ ಬಿಟ್ಟುಕೊಟ್ಟಿದ್ದೆ. ನಿನಗೆ ಹೇಳಬೇಕಾದ ಮಾತು ಮನೆಗೆ ಬಂದ ಮೇಲೆ ತೋಚಿತು, ಅದನ್ನೇ ಬರೆಯಲು ಕೂತದ್ದು.

ಸ್ನಾನಕ್ಕೆ ಹೋದಾಗ ಭುಜ ನೋಡಿಕೊಂಡೆ. ನೀಲಿಗಟ್ಟಿತ್ತು. ಈ ನೀಲಿ ನನಗೆ ಹೊಸದಲ್ಲ. ರೇಸು ಮುಗಿಸಿ ಬಂದ ರಾತ್ರಿ ನಿಮ್ಮಣ್ಣ ಅಂಗಿ ಬಿಚ್ಚಿ ಮಂಚದ ಮೇಲೆ ಕೂರುತ್ತಿದ್ದರು, ನಾನು ಅದೇ ಜಾಗಕ್ಕೆ ಮುಲಾಮು ಹಚ್ಚುತ್ತಿದ್ದೆ. ನೋವಿಗೆ ಹಾ ಹೂ ಅನ್ನುತ್ತಲೇ ಅವರು ಹೇಳುತ್ತಿದ್ದ ಮಾತು ಒಂದೇ: "ಇವತ್ತು ನನ್ನ ತಮ್ಮ ಎಷ್ಟು ಚೆನ್ನಾಗಿ ಓಡಿಸ್ದ ಕಣೇ." ತಮಾಷೆ ಅಂದುಕೊಂಡು ನಕ್ಕು ಬಿಡುತ್ತಿದ್ದೆ. ನೀವಿಬ್ಬರೂ ಮಾತು ಬಿಟ್ಟ ಮೇಲೆ ಒಂದು ಸಲ ಕೇಳಿಯೂ ಕೇಳಿದೆ, ಅವನಿಗೆ ಒಂದು ದಿನ ಕೊಟ್ಟಿದ್ದರೆ ಏನು ಹೋಗುತ್ತಿತ್ತು ಎಂದು. "ಸ್ಟೇರಿಂಗ್ ಹಿಡಿಯೋಕೆ ಎರಡು ಕೈ ಇದ್ರೆ ಸಾಕು, ಯಾರ್ದಾದ್ರೂ ಆಗತ್ತೆ. ಇಂಜಿನ್ ಉಸಿರು ಕೇಳೋ ಆ ಕಿವಿ ಅವನೊಬ್ಬನಿಗೇ ಇರೋದು. ಹೇಳಿದ್ರೆ ಕೊಂಬು ಬರತ್ತೆ ಅಂತ ಹೇಳ್ಲಿಲ್ಲ, ಈಗ ಹೇಳೋಣ ಅಂದ್ರೆ ಫೋನೇ ಎತ್ತಲ್ಲ" ಅಂದರು. ಅದೂ ನೆಪ ಅಂದುಕೊಂಡೆ. ಭಾನುವಾರ ಆ ಸೀಟಿನಲ್ಲಿ ಕೂತ ಮೇಲೆ ಗೊತ್ತಾಯಿತು, ಅವರು ಒಂದು ಅಕ್ಷರವೂ ಸುಳ್ಳು ಹೇಳಿರಲಿಲ್ಲ.

ಕಾರ್ಯದರ್ಶಿ ಫೋಟೋ ಕಳಿಸಿದರೆ ಅದರ ಹಿಂದೆ ಯಾರು ಓಡಿಸಿದ್ದೆಂದು ಸರಿಯಾಗಿ ಬರೆದು ನಿನಗೆ ಕಳಿಸುತ್ತೇನೆ. ಭುಜಕ್ಕೆ ಮುಲಾಮು ನಾನೇ ಹಚ್ಚಿಕೊಂಡೆ.

ನಿನ್ನ
ಅತ್ತಿಗೆ


ಸೆಪ್ಟೆಂಬರ್ ೨೨

ಅತ್ತಿಗೆ,

ಕಾಗದ ಕೆಲಸದ ಜಾಗಕ್ಕೆ ಬಂತು. ಲಿಫ್ಟಿನೊಳಗೆ ನಿಂತು ಒಡೆದೆ. ಓದಿ ಮುಗಿಸುವವರೆಗೆ ಬಾಗಿಲು ತೆರೆಯಲು ಮನಸ್ಸಾಗಲಿಲ್ಲ, ನಿಲ್ಲಿಸಿಬಿಟ್ಟೆ. ಕಟ್ಟಡದವರು ಮೆಟ್ಟಿಲು ಹತ್ತಿ ಸುಸ್ತಾಗಿ ನನಗೆ ಬೈದರಂತೆ. ಬೈಯಲಿ.

ಚಳಿ ಬರುವ ಮುಂಚೆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಬಸಿದುಬಿಡಿ. ಬೇಡ, ನೀವೇ ಮಾಡಬೇಡಿ, ಮುಂದಿನ ಭಾನುವಾರ ನಾನು, ನನ್ನ ಹೆಂಡತಿ ಇಬ್ಬರೂ ಬರುತ್ತೇವೆ, ನಾನೇ ಮಾಡುತ್ತೇನೆ.

ಅಣ್ಣ ಆ ಮಾತನ್ನು ಯಾವ ಯಾವ ರೇಸಿನ ದಿನ ಹೇಳಿದ್ದ? ನೆನಪಿರುವಷ್ಟನ್ನೂ ಬರೆಯಿರಿ. ಒಂದೇ ಸಲ ಹೇಳಿದ್ದರೂ ಪರವಾಗಿಲ್ಲ, ಅದನ್ನೇ ಇನ್ನೊಂದು ಸಲ ಬರೆಯಿರಿ.

ನಿಮ್ಮ
ಮೈದುನ